ಕಲ್ಲೇಟಿನ ಗಾಡಿ

ಮಖ್ತಲ್ ದಾಟಿ ರಾಯಚೂರಿನ ಕಡೆಗೆ ಓಡುವ ಕಾರುಗಳಲ್ಲಿ ಮೂತಿಯ ಮೇಲೆ ಗಾಯವಿಲ್ಲದ ಒಂದನ್ನು ತೋರಿಸಿ, ನೋಡೋಣ. ಸಿಗುವುದಿಲ್ಲ. ಕ್ರಷರಿನಿಂದ ಹೊರಡುವ ಟಿಪ್ಪರುಗಳು ಕಂಕರವನ್ನು ಗೋಪುರದಂತೆ ತುಂಬಿಕೊಂಡು, ಮೇಲೆ ಹೆಸರಿಗೊಂದು ಹರಕು ತಾಡಪಾಲು ಹಾಕಿಕೊಂಡು, ಗುಂಡಿ ಗುಂಡಿಗೂ ಹಿಡಿ ಹಿಡಿ ಕಲ್ಲು ಚೆಲ್ಲುತ್ತ ಹೋಗುತ್ತವೆ. ಮುಂದಿನ ಲಾರಿಯ ಟೈರು ಆ ಕಲ್ಲನ್ನು ಎತ್ತಿ ಹಿಂದಿನ ಕಾರಿಗೆ ಎಸೆಯುತ್ತದೆ. ಬಾನೆಟ್ಟಿನ ಮೇಲೆ ಟಪ್ ಎಂದು ಸದ್ದಾದರೆ ಸಾಕು, ಹೊಸ ಕಾರು ಕೊಂಡವನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ. ಇಳಿದು ನೋಡಿದರೆ ಜೋಳದ ಕಾಳಿನಷ್ಟು ಬಣ್ಣ ಎದ್ದಿರುತ್ತದೆ, ಅಷ್ಟೇ. ಆದರೆ ಅಷ್ಟರಲ್ಲೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅಲ್ಲಿಂದ ತುಕ್ಕು ಒಳಗೆ ಹೊಕ್ಕಿರುತ್ತದೆ.

ಈ ರಸ್ತೆಯನ್ನು ಬೈಯದವನು ಮೈಲಾರಲಿಂಗ ಒಬ್ಬನೇ. ಅವನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕಲ್ಲುಗಳಿಂದ. ಊರ ಹೊರಗೆ ಹುಣಸೆಮರದ ಮಗ್ಗುಲಲ್ಲಿ ಅವನ ತಗಡಿನ ಶೆಡ್ಡು; ಒಳಗೆ ಒಂದು ಕಂಪ್ರೆಸರು, ಎರಡು ಸ್ಪ್ರೇ ಗನ್ನು, ಬಣ್ಣದ ಡಬ್ಬಿಗಳ ಸಾಲು. ಎಲ್ಲರ ಬಾಯಲ್ಲಿ ಅವನು ಮೈಲಾರಿ. ಮಾಗನೂರಿನ ಕುರುಬರ ಮನೆಯವನು. ಅಪ್ಪ ಕುರಿಗಳ ಹಿಂದೆ ಕೃಷ್ಣೆಯ ದಂಡೆಗುಂಟ ಅಲೆದವನು. ಇವನಿಗೋ, ಕುರಿಗಳ ಬೆನ್ನಿಗೆ ಗುರುತಿನ ಬಣ್ಣ ಹಚ್ಚುವ ದಿನ ಬಿಟ್ಟರೆ ಉಳಿದ ದಿನಗಳಲ್ಲಿ ಕುರಿ ಕಂಡರೆ ಆಗುತ್ತಿರಲಿಲ್ಲ. ಅಪ್ಪ ಬೈದು ಬೈದು ಸಾಕಾಗಿ, ಕೊನೆಗೊಂದು ದಿನ ಗದ್ವಾಲಿಗೆ ಕರೆದೊಯ್ದು ಬಸ್ಸು, ಟ್ರಾಲಿಗಳಿಗೆ ಬಣ್ಣ ಹೊಡೆಯುವ ಒಬ್ಬ ಉಸ್ತಾದನ ಕೈಗೊಪ್ಪಿಸಿ ಬಂದ. ಉಸ್ತಾದ ಬಹಳ ವರ್ಷ ಇವನ ಕೈಗೆ ಗನ್ನು ಕೊಡಲೇ ಇಲ್ಲ. ಮರಳುಕಾಗದದಿಂದ ತಿಕ್ಕು, ಕುಳಿಗಳಿಗೆ ಪುಟ್ಟಿಯ ಲೇಪ ತುಂಬು, ಒಣಗಿಸು, ಮತ್ತೆ ತಿಕ್ಕು. ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳು ಸವೆದವು. ಬಣ್ಣ ತೆಳುಮಾಡುವ ಥಿನ್ನರಿನ ಘಾಟಿಗೆ ಎದೆಯಲ್ಲಿ ಒಂದು ಕೆಮ್ಮು ಮನೆ ಮಾಡಿಕೊಂಡಿತು. ಕೆಲಸ ಮಾತ್ರ ಕೈಗೆ ಹತ್ತಿತು.

ಮಖ್ತಲ್‌ಗೆ ಬಂದು ಸ್ವಂತ ಶೆಡ್ಡು ಹಾಕಿದ. ಧನ್ವಾಡದ ಪೆಂಟಮ್ಮನನ್ನು ಮದುವೆಯಾದ. ಒಬ್ಬಳೇ ಮಗಳು ಅಖಿಲಾ, ನಾರಾಯಣಪೇಟೆಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಗಿರಾಕಿಗಳು ಬಂದರೆ ಕೇಳುವುದು ಒಂದೇ ಮಾತು, ನಿನ್ನ ಬಣ್ಣ ಎಷ್ಟು ವರ್ಷ ಬಾಳುತ್ತದೆ ಎಂದು. ಕಂಪನಿಯವರು ಬಣ್ಣವನ್ನು ಭಟ್ಟಿಯಲ್ಲಿಟ್ಟು ಸುಡುತ್ತಾರೆ. ಇವನದು ಬಿಸಿಲಿನಲ್ಲಿ, ಧೂಳಿನಲ್ಲಿ ಒಣಗಿದ್ದು. ಅದರ ಗಟ್ಟಿತನ ಇದಕ್ಕೆಲ್ಲಿಂದ ಬರಬೇಕು? ಆದರೂ ಇವನು ನಗುತ್ತಿದ್ದ. “ಬಣ್ಣ ಗಟ್ಟಿ ಐತ್ರೀ. ರಸ್ತಿನ ಗಟ್ಟಿ ಇಲ್ಲ,” ಎನ್ನುತ್ತಿದ್ದ. ಗಿರಾಕಿಯೂ ನಗುತ್ತಿದ್ದ, ಗಾಡಿ ಬಿಟ್ಟು ಹೋಗುತ್ತಿದ್ದ. ಹೀಗೆ ಕಲ್ಲೇಟುಗಳನ್ನೇ ನೋಡಿ ನೋಡಿ ಮೈಲಾರಿಯ ಕಣ್ಣಿಗೆ ಒಂದು ರೋಗ ಹತ್ತಿತ್ತು: ಗಾಡಿಯ ಮೇಲಿನ ಯಾವ ಗಾಯವಾದರೂ ಅವನಿಗೆ ಕಲ್ಲಿನದೇ ಅನಿಸುತ್ತಿತ್ತು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ನರೇಂದರ್ ತನ್ನ ದೊಡ್ಡ ಬಿಳಿ ಗಾಡಿಯನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ನರೇಂದರ್ ಎಂದರೆ ಆ ಕ್ರಷರುಗಳಲ್ಲಿ ಒಂದರ ಯಜಮಾನ. ರಸ್ತೆಗೆ ಕಲ್ಲು ಚೆಲ್ಲುವ ಟಿಪ್ಪರುಗಳಲ್ಲಿ ಅರ್ಧ ಅವನವೇ. ರಾತ್ರಿಯೆಲ್ಲ ಮಳೆ ಹೊಡೆದು ಆಗತಾನೆ ನಿಂತಿತ್ತು. ಗಾಡಿಯ ಎಡಮೂಲೆ ಒಳಗೆ ಕುಸಿದಿತ್ತು, ಆ ಕಡೆಯ ದೀಪ ಒಡೆದಿತ್ತು. ಬಾನೆಟ್ಟಿನ ಅಂಚಿನ ತುಂಬ ಹಳೆಯ ಕಲ್ಲೇಟುಗಳು, ಮೈಲಿ ಎದ್ದ ಮುಖದಂತೆ.

“ಏಮಪ್ಪಾ ಮೈಲಾರಿ,” ಎಂದ ನರೇಂದರ್. “ನನ್ನ ಟಿಪ್ಪರೇ ನನಗ ಶತ್ರು ಆತು ನೋಡು. ಮುಂದ ಹೊಂಟಿತ್ತು, ಮ್ಯಾಲಿಂದ ದೊಡ್ಡ ಬಂಡಿಗಲ್ಲು ಉರುಳಿ ಬಿತ್ತು. ಲಗೂನ ಮಾಡಿಕೊಡು.”

ಮೈಲಾರಿ ಕುಕ್ಕರಿಸಿ ಕೂತು ನೋಡಿದ. ಕಲ್ಲು ಬಿದ್ದರೆ ತಗಡು ಹರಿಯಬೇಕು, ಇಲ್ಲಿ ಅಗಲಕ್ಕೆ ಒಳಗೆ ಹೋಗಿದೆಯಲ್ಲ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಅಷ್ಟರಲ್ಲಿ ಅವನ ಕಣ್ಣು ಬೇರೊಂದರ ಮೇಲೆ ಬಿತ್ತು. ಗಾಡಿಯನ್ನು ಯಾರೋ ತೊಳೆದಿದ್ದರು. ಆದರೂ ಮುಂದಿನ ಜಾಲರಿಯ ಸಂದಿಯಲ್ಲಿ, ದೀಪದ ಬುಡದಲ್ಲಿ ಹಳದಿ ಪುಡಿ ನೀರಿಗೆ ಹೆಪ್ಪುಗಟ್ಟಿ ಕೂತಿತ್ತು. ಬಣ್ಣ ಎದ್ದು ಹೋದ ಸಣ್ಣ ಸಣ್ಣ ಕುಳಿಗಳೊಳಗೂ ಹಳದಿ ಇಂಗಿತ್ತು. ಬೆರಳಿನಿಂದ ಕೆರೆದು ಮೂಸಿದ. ಅರಿಶಿನ. ಕುರುಬರ ಮನೆಯಲ್ಲಿ ಹುಟ್ಟಿದವನಿಗೆ ಅದು ಬರೀ ಅರಿಶಿನವಲ್ಲ, ಮೈಲಾರಲಿಂಗನ ಭಂಡಾರ. ಅವನ ಹೆಸರೇ ಆ ದೇವರದು. ಮುಖ ಅರಳಿತು.

“ಮೈಲಾಪುರಕ್ಕ ಹೋಗಿದ್ರೇನ್ರೀ ಸಾರ್? ಗಾಡಿ ಪೂಜಿ ಮಾಡಿಸಿದ್ರ್ಯಾ?” ಎಂದು ಕೇಳಿದ.

ನರೇಂದರ್ ಗಾಡಿಯನ್ನೊಮ್ಮೆ, ಇವನನ್ನೊಮ್ಮೆ ನೋಡಿದ. “ಹೂಂ, ಹೂಂ. ಮೈಲಾಪುರಕ್ಕೇ ಹೋಗಿದ್ವಿ,” ಎಂದ.

ಆ ಮಾತು ನರೇಂದರನಿಗೆ ಹೊಳೆದದ್ದಲ್ಲ. ಮೈಲಾರಿಯೇ ಅದನ್ನು ಅವನ ಬಾಯಿಗಿಟ್ಟ. ಇಟ್ಟು, ಬೆರಳಿಗಂಟಿದ ಹಳದಿಯನ್ನು ಕಣ್ಣಿಗೊತ್ತಿಕೊಂಡು, “ಏಳುಕೋಟಿ” ಎಂದು ಹಣೆಗೂ ಹಚ್ಚಿಕೊಂಡ. ತಗಡಿನ ಬಗ್ಗೆ ಎದ್ದ ಅನುಮಾನ ಅಲ್ಲೇ ಕರಗಿತು. ಮೈಲಾಪುರದಲ್ಲಿ ಮೈಲಾರಲಿಂಗನೆಂಬ ಮಲ್ಲಯ್ಯನ ಗುಡ್ಡ ಹತ್ತಿ ಭಂಡಾರ ಹಾರಿಸಿ ಬಂದವನು ಸುಳ್ಳು ಹೇಳುತ್ತಾನೆಯೇ?

ಕೆಲಸವನ್ನು ಜೀವ ಇಟ್ಟು ಮಾಡಿದ. ಭಂಡಾರ ಕಾಲಿಗೆ ತಾಕಬಾರದೆಂದು ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ಸಂದಿ ತೊಳೆದು, ಆ ನೀರನ್ನು ಬಕೀಟಿನಲ್ಲಿ ಹಿಡಿದು ಹುಣಸೆಮರದ ಬುಡಕ್ಕೆ ಸುರಿದ. ಕುಸಿದ ತಗಡನ್ನು ಒಳಗಿನಿಂದ ಬಡಿದು ಎಬ್ಬಿಸಿದ, ಒಡೆದ ದೀಪವನ್ನು ಗುಜರಿಯವನಿಗೆ ಕೊಟ್ಟು ಹೊಸದು ಕೂರಿಸಿದ, ಪುಟ್ಟಿ ತುಂಬಿ ತಿಕ್ಕಿದ. ಬಿಳಿ ಅಂದರೆ ಒಂದೇ ಬಿಳಿಯಲ್ಲ. ಬಿಸಿಲಿಗೆ ಬೆಂದ ಬಿಳಿಗೆ ಹೊಸ ಬಿಳಿ ಹೊಂದುವುದಿಲ್ಲ. ಹನಿ ಹಳದಿ, ಹನಿ ಕಪ್ಪು ಬೆರೆಸಿ ಬೆರೆಸಿ ಸರಿದೂಗಿಸಬೇಕು. ಧೂಳು ಏಳಬಾರದೆಂದು ನೆಲಕ್ಕೆ ನೀರು ಚಿಮುಕಿಸಿ, ಉಸಿರು ಬಿಗಿಹಿಡಿದು ಬಣ್ಣ ಹೊಡೆದ. ದೇವರ ಕೆಲಸ ಎಂಬ ಭಾವ ಅವನದು. ಗಾಡಿ ಒಯ್ಯಲು ಬಂದ ನರೇಂದರ್ ಸುತ್ತು ಹಾಕಿ ನೋಡಿ, ಇವನ ಬೆನ್ನು ತಟ್ಟಿ ಹೋದ.

ಅದೇ ಮಳೆಯ ನಸುಕಿನಲ್ಲಿ ಮಾಗನೂರಿನ ಹತ್ತಿರ ಕಿಷ್ಟಪ್ಪ ಸತ್ತಿದ್ದ. ಕಿಷ್ಟಪ್ಪ ಮೈಲಾರಲಿಂಗ ದೇವರಿಗೆ ಬಿಟ್ಟ ಗೊರವಯ್ಯ. ಕರಿ ಕಂಬಳಿಯ ಅಂಗಿ ತೊಟ್ಟು, ಡಮರು ಹಿಡಿದು, ಕೊರಳಲ್ಲಿ ಭಂಡಾರದ ಚೀಲ ಹಾಕಿಕೊಂಡು ಊರೂರು ತಿರುಗುತ್ತಿದ್ದವನು. ನಡೆದು ಬರುತ್ತಿದ್ದಾಗ ಯಾವುದೋ ಗಾಡಿ ಹೊಡೆದು ನಿಲ್ಲದೆ ಹೋಗಿತ್ತು. ಹಾಲಿನವನು ನೋಡುವ ಹೊತ್ತಿಗೆ ಇನ್ನೂ ಉಸಿರಿತ್ತಂತೆ, ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಹೊಡೆದವನು ಅಲ್ಲೇ ನಿಂತು ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದ ಜೀವ ಅದು. ಮಳೆ ರಸ್ತೆಯನ್ನು ತೊಳೆದುಬಿಟ್ಟಿತ್ತು. ಲಾರಿಯೇ ಇರಬೇಕು ಎಂದು ಊರೆಲ್ಲ ಅಂದಿತು. ಮೈಲಾರಿಯೂ ಸುದ್ದಿ ಕೇಳಿ ಮರುಗಿದ, ಲಾರಿಯವರನ್ನು ಶಪಿಸಿದ.

ಕಿಷ್ಟಪ್ಪನ ಹೆಂಡತಿ ನರಸಿಂಹಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಗಂಡನನ್ನು ಕೊಂದವನು ಯಾರು ಎಂದು ಆಕೆಗೆ ತಿಳಿಯಬೇಕಿತ್ತು. ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ಯಾಕಪ್ಪಾ ನಿಲ್ಲಲಿಲ್ಲ ಎಂದು ಕೇಳಬೇಕಿತ್ತು. ಮನುಷ್ಯನನ್ನು ಹೊಡೆದ ಗಾಡಿ ಎಲ್ಲಾದರೂ ರಿಪೇರಿಗೆ ಹೋಗಿರಲೇಬೇಕು ಎಂದು ಲೆಕ್ಕ ಹಾಕಿ, ರಸ್ತೆಗುಂಟ ಒಂದೊಂದೇ ಗ್ಯಾರೇಜು ಹೊಕ್ಕು ಕೇಳುತ್ತ ಬಂದಳು. ಕೆಲವರು ನಕ್ಕರು, ಕೆಲವರು ಗದರಿಸಿದರು. ಕಡೆಗೆ ಮೈಲಾರಿಯ ಶೆಡ್ಡಿಗೆ ಬಂದಳು. ಒಂದೇ ಊರಿನವರು, ಇವನಿಗೆ ಆಕೆ ಚಿಕ್ಕಂದಿನಿಂದಲೂ ಚಿಗವ್ವ, ಚಿಕ್ಕಮ್ಮನಂಥವಳು. ಕೂರಿಸಿ ನೀರು ಕೊಟ್ಟ.

“ಎಪ್ಪಾ ಮೈಲಾರಿ, ಆ ಮಳಿ ದಿನದಿಂದ ಈಚಿಗಿ ಮೂತಿ ಒಡಕೊಂಡ ಗಾಡಿ ಯಾವುದರ ಬಂತೇನೋ?”

“ಬರತಾವ ಚಿಗವ್ವ, ದಿನಾ ಬರತಾವ. ಎಲ್ಲಾ ಕಲ್ಲೇಟಿನ ಗಾಡಿ. ಮನಷ್ಯಾನ್ನ ಹೊಡದ ಗಾಡಿ ನನ್ನ ಶೆಡ್ಡಿಗಿ ಬಂದಿಲ್ಲ.”

ಆಕೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಚಿಟಿಕೆ ಭಂಡಾರವಿತ್ತು. ಅದನ್ನು ಅಂಗೈ ಮೇಲಿಟ್ಟು ಮುಂದೆ ಚಾಚಿದಳು. ಕುರುಬರಲ್ಲಿ ಭಂಡಾರ ಮುಟ್ಟಿ ಆಡಿದ ಮಾತೆಂದರೆ ಮುಗಿಯಿತು; ಅದರ ಮೇಲೆ ಪಂಚಾಯ್ತಿಯೂ ಇಲ್ಲ, ಕೋರ್ಟೂ ಇಲ್ಲ. ಸುಳ್ಳಾದರೆ ಅದು ಹೊಟ್ಟೆಯ ಮಕ್ಕಳಿಗೆ ತಟ್ಟುತ್ತದೆ. ಮೈಲಾರಿಯ ಮನಸ್ಸಿನಲ್ಲಿ ಆ ಕ್ಷಣ ಬಿಳಿ ಗಾಡಿ ಸುಳಿಯಲಿಲ್ಲವೆಂದಲ್ಲ. ಸುಳಿಯಿತು. ಅದು ದೇವರ ಗುಡ್ಡಕ್ಕೆ ಹೋಗಿ ಬಂದ ಗಾಡಿ, ಅದರ ಮೈ ತುಂಬ ಮಲ್ಲಯ್ಯನೇ ಇದ್ದ ಎಂದು ತನಗೆ ತಾನೇ ಹೇಳಿಕೊಂಡು, ನಿಶ್ಚಿಂತೆಯಿಂದ ಕೈ ಚಾಚಿ ಭಂಡಾರ ಮುಟ್ಟಿದ. ನರಸಿಂಹಮ್ಮ ಅವನ ತಲೆ ಸವರಿ ಎದ್ದು ಹೋದಳು.

ಕೆಲವು ದಿನಗಳ ಮೇಲೆ, ರಸ್ತೆಯ ಮಗ್ಗುಲ ಹತ್ತಿಹೊಲದಲ್ಲಿ ಕಳೆ ತೆಗೆಯುವವರಿಗೆ ಕಿಷ್ಟಪ್ಪನ ಭಂಡಾರದ ಚೀಲ ಸಿಕ್ಕಿತು. ಗೊರವಯ್ಯನ ಚೀಲ ಕೊರಳಿಲ್ಲದೆ ಇರಬಾರದು. ಅದನ್ನು ಅವನ ಅಣ್ಣನ ಮಗನ ಕೊರಳಿಗೆ ಹಾಕುವ ಶಾಸ್ತ್ರಕ್ಕೆ ಮಾಗನೂರಿನ ಬೀರಪ್ಪನ ಗುಡಿಯ ಮುಂದೆ ಕುರುಬರೆಲ್ಲ ಸೇರಿದರು. ಮೈಲಾರಿಯೂ ಶೆಡ್ಡಿಗೆ ಬೀಗ ಹಾಕಿ ಹೋದ. ಹಿರಿಯರೊಬ್ಬರು ಚೀಲವನ್ನು ಎತ್ತಿ ತೋರಿಸಿದರು. ಒಂದು ಮಗ್ಗುಲು ಪೂರ್ತಿ ಹರಿದು, ಈಗ ಕೆಂಪು ದಾರದಲ್ಲಿ ಹೊಲಿದಿತ್ತು.

“ಕಿಷ್ಟಪ್ಪ ಸಾಯೂ ಹಿಂದಿನ ಸಂಜಿಮುಂದ ನಮ್ಮನ್ಯಾಗ ಚೀಲ ತುಂಬಿಸಿಕೊಂಡು ಹೋಗಿದ್ದ,” ಎಂದರು ಅವರು. “ಬಾಯಿ ಮಟ ತುಂಬಿದ್ದೆ ನಾನ. ಸಿಕ್ಕಾಗ ಚಿಟಿಕಿನೂ ಇದ್ದಿಲ್ಲ. ಅಷ್ಟೂ ಭಂಡಾರ ಆ ಗಾಡಿ ಮ್ಯಾಲ ಚೆಲ್ಲಿರಬೇಕು. ಅದನ್ನ ಹೊತಗೊಂಡ ಹೋಗ್ಯಾನ ಪಾಪಿ.”

ಅದೇ ಹೊತ್ತಿಗೆ ನರಸಿಂಹಮ್ಮ ಬಂದವರ ಹಣೆಗೆಲ್ಲ ಭಂಡಾರ ಹಚ್ಚುತ್ತ ಮೈಲಾರಿಯ ಮುಂದೆ ಬಂದಿದ್ದಳು. ಆಕೆಯ ಹೆಬ್ಬೆರಳು ಹಣೆಯ ಮೇಲಿದ್ದಾಗಲೇ ಅವನಿಗೆ ಎಲ್ಲ ತಿಳಿಯಿತು. ಜಾಲರಿಯ ಸಂದಿ, ಕುಳಿಗಳೊಳಗಿನ ಹಳದಿ, ನರೇಂದರ್ ತಡೆದು ತಡೆದು ಹೂಂ ಅಂದದ್ದು. ಸತ್ತವನ ಕೊರಳಿನ ಭಂಡಾರವನ್ನು ತಾನು ಕಣ್ಣಿಗೊತ್ತಿಕೊಂಡಿದ್ದ, ಬ್ರಷ್ಷಿನಿಂದ ತಿಕ್ಕಿ ತೊಳೆದಿದ್ದ, ಮೇಲೆ ಬಣ್ಣ ಹೊಡೆದಿದ್ದ. “ಯಾಕೋ ಎಪ್ಪಾ, ಬೆವತಿಯಲ್ಲ?” ಎಂದು ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು.

ಮನೆಗೆ ಬಂದು ಪೆಂಟಮ್ಮನ ಮುಂದೆ ಎಲ್ಲ ಕಕ್ಕಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

“ನೀವು ಸುಳ್ಳಾಣಿ ಮಾಡಿಲ್ರೀ. ತಿಳೀಲಾರದ ಮಾಡೀರಿ. ಸುಮ್ಮನ ಇದ್ರ ಆ ಆಣಿ ಖರೇನ ಉಳಿತೈತಿ. ಬಾಯಿ ಬಿಟ್ರ ಸುಳ್ಳ ಆಗತೈತಿ. ನಮಗ ಇರಾಕಿ ಒಬ್ಬಾಕಿ.”

ಅವಳ ಮಾತನ್ನು ತಪ್ಪೆನ್ನಲು ಯಾರಿಗೆ ಧೈರ್ಯವಿದೆ? ಮಗಳಿರುವ ತಾಯಿ ಆಡಿದ ಮಾತು. ಮೈಲಾರಿ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಕೈಗೆ ಹಾಕಲು ಬೀಗವಿಲ್ಲವಲ್ಲ. ಬಣ್ಣ ಬೆರೆಸಿದರೆ ಹೊಂದಲಿಲ್ಲ, ಹೊಡೆದ ಬಣ್ಣ ಕಣ್ಣೀರಿನಂತೆ ಇಳಿಯಿತು, ಗಿರಾಕಿಗಳು ಗೊಣಗಿದರು. ಮೂತಿ ಒಡೆದ ಗಾಡಿ ಬಂದರೆ ಮೊದಲು ಜಾಲರಿಯ ಸಂದಿಯನ್ನು ಮೂಸಿ ನೋಡುವ ಚಟ ಹತ್ತಿತು. ನರೇಂದರ್ ಬಿಳಿ ಗಾಡಿಯಲ್ಲಿ ಹಾದು ಹೋಗುವಾಗ ಕೈ ಎತ್ತಿ ಹಾರ್ನು ಹೊಡೆಯುತ್ತಿದ್ದ, ಗೆಳೆಯನಿಗೆ ಹೊಡೆಯುವಂತೆ. ಅದನ್ನು ಕೇಳಿದಾಗಲೆಲ್ಲ ಮೈಲಾರಿಗೆ ತಾನೂ ಆ ಗಾಡಿಯೊಳಗೆ ಕೂತು, ನಿಲ್ಲದೆ ಹೋದವನೇ ಅನಿಸುತ್ತಿತ್ತು. ನಾರಾಯಣಪೇಟೆಗೆ ಹೋಗಿ ಹಾಸ್ಟೆಲಿನ ಗೇಟಿನ ಬಳಿ ಅಖಿಲಾಳನ್ನು ಕಂಡು ಬಂದ. ಅವಳು ಆಸ್ಪತ್ರೆಯ ಕತೆ ಹೇಳಿದಳು: ರಸ್ತೆಯಲ್ಲಿ ಬಿದ್ದವರನ್ನು ಬೇಗ ತಂದರೆ ಎಷ್ಟೋ ಮಂದಿ ಬದುಕುತ್ತಾರೆ ಅಪ್ಪಾ, ಯಾರೂ ತರುವುದೇ ಇಲ್ಲ ಎಂದು. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಅವಳು ಒಳಗೆ ಹೋದ ಮೇಲೂ ಗೇಟಿನ ಹೊರಗೆ ನಿಂತೇ ಇದ್ದ. ಅಲ್ಲಿಂದ ಮನೆಗೆ ಹೋಗುವ ಬಸ್ಸು ಹತ್ತದೆ ಮಾಗನೂರಿನ ಬಸ್ಸು ಹಿಡಿದ.

ನರಸಿಂಹಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಮೈಲಾರಿ ಆಕೆಯ ಮುಂದೆ ನೆಲದ ಮೇಲೆ ಕೂತ.

“ಚಿಗವ್ವ, ಆ ಗಾಡಿ ನನ್ನ ಶೆಡ್ಡಿಗೇ ಬಂದಿತ್ತು. ಕಾಕಾನ ಭಂಡಾರ ಅದರ ತುಂಬ ಇತ್ತು. ಗಾಡಿ ಪೂಜಿದು ಅಂತ ತಿಳಕೊಂಡೆ. ನಾನ ತೊಳದೆ. ನಾನ ಬಣ್ಣ ಹೊಡದೆ.” ಯಾರ ಗಾಡಿ ಎಂದೂ ಹೇಳಿದ.

ಆಕೆ ಕೈಯೊಳಗಿನ ಶೇಂಗಾ ಬಿಡಿಸಿ ಮುಗಿಸಿದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಕಾಲಲ್ಲಿದ್ದದ್ದನ್ನು ತೆಗೆದು ಹೊಡೆಯುತ್ತಾಳೆ ಎಂದು ಕಾದಿದ್ದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಿನ್ನ ಶೆಡ್ಡ ಕಡೀದು ಅಲ್ಲೋ ಮೈಲಾರಿ,” ಎಂದಳು. “ಇನ್ನೂ ಮುಂದ ಹೋಗಾಕ ಹೊಂಟಿದ್ದೆ. ನೀ ಭಂಡಾರ ಮುಟ್ಟಿದಿ, ನಾ ಹೊಳ್ಳಿ ಮನಿಗಿ ಬಂದೆ. ನಮ್ಮ ಹುಡುಗ ಆಣಿ ಮಾಡ್ಯಾನ, ಇನ್ನ ಅದು ಲಾರಿನ ಅಂತ ಠಾಣ್ಯಾಗೂ ಹೇಳಿ ಬಂದೆ.” ಆಮೇಲೆ ಸೆರಗು ಹೊದ್ದು ಎದ್ದಳು. “ನಡಿ. ಈಗರ ಹೋಗಿ ಹೇಳೂಣ.”

ಠಾಣೆಯ ಎಸ್.ಐ. ಸಣ್ಣ ವಯಸ್ಸಿನವನು, ಒಳ್ಳೆಯವನೇ. ಮೈಲಾರಿ ಹೇಳಿದ್ದನ್ನೆಲ್ಲ ಕೇಳಿ ನರೇಂದರನನ್ನು ಗಾಡಿ ಸಮೇತ ಕರೆಸಿದ. ನರೇಂದರ್ ಬಂದ, ಬಿಳಿ ಗಾಡಿಯನ್ನು ಬೇವಿನಮರದ ನೆರಳಿಗೆ ನಿಲ್ಲಿಸಿದ, ಇಳಿದು ನಗುತ್ತಲೇ ನಿಂತ.

“ನನ್ನ ಟಿಪ್ಪರಿಂದ ಬಂಡಿಗಲ್ಲು ಬಿತ್ತು ಸಾರ್, ಇವನೇ ರಿಪೇರಿ ಮಾಡ್ಯಾನ. ಕಲ್ಲೇಟು ಅಂತ ಇವನೇ ಭಂಡಾರ ಮುಟ್ಟಿ ಈ ಅಮ್ಮಗ ಆಣಿ ಮಾಡ್ಯಾನ. ಊರಿಗೆಲ್ಲ ಗೊತ್ತದ. ಈಗ ಯಾಕ ಮಾತು ತಿರುವ್ಯಾನ, ಅವನನ್ನೇ ಕೇಳ್ರಿ.”

“ಒಡದ ದೀಪ ಎಲ್ಲಿ?” ಎಂದು ಎಸ್.ಐ. ಮೈಲಾರಿಯನ್ನು ಕೇಳಿದ. ಗುಜರಿಗೆ ಹೋಗಿ ಎಂದೋ ಕರಗಿತ್ತು. ತೊಳೆದ ನೀರು? ಹುಣಸೆಮರ ಕುಡಿದಿತ್ತು. ಹಳೆಯ ಬಣ್ಣ? ತಿಕ್ಕಿದ ಕಾಗದದ ಜೊತೆ ಗಾಳಿಗೆ ಹೋಗಿತ್ತು. ಒಂದೊಂದು ಪ್ರಶ್ನೆಗೂ ಉತ್ತರ ಅವನ ಎರಡು ಕೈಗಳೇ. ಅವನು ಕಿಸೆಯಿಂದ ಪುಟ್ಟಿ ಮೆತ್ತುವ ತಗಡಿನ ಪಟ್ಟಿ ತೆಗೆದು, “ಕೆರದ ತೋರಸತೀನ್ರೀ” ಎಂದು ಮುಂದೆ ಹೋದ. ಎಸ್.ಐ. ತಡೆದ. “ಕೆರೆದರೆ ಪುಟ್ಟಿ ಕಾಣತದ. ಪುಟ್ಟಿ ತುಂಬಿದ್ದು ಇವರೂ ಒಪ್ಪತಾರ. ಕಲ್ಲೋ ಮನಷ್ಯಾನೋ ಅಂತ ಪುಟ್ಟಿ ಹೇಳತದೇನಪ್ಪಾ?” ಎಂದ. ಪರೀಕ್ಷೆಗೆ ಬರೆದು ಕಳಿಸುತ್ತೇನೆ ಎಂದೂ ಹೇಳಿದ. ಆದರೆ ಥಿನ್ನರು ಹಾಕಿ ತೊಳೆದ ತಗಡಿನಲ್ಲಿ ಏನು ಸಿಗುತ್ತದೆಂಬುದು ಅವನ ಮುಖದ ಮೇಲೆಯೇ ಇತ್ತು. ನರೇಂದರನನ್ನು ಒಳಗೆ ಕರೆದೊಯ್ದ.

ಅಂಗಳದಲ್ಲಿ ಇವರಿಬ್ಬರೇ ಉಳಿದರು, ಗಾಡಿಯ ಮುಂದೆ. ನರಸಿಂಹಮ್ಮ ಹತ್ತಿರ ಹೋದಳು. ಇಷ್ಟು ಹತ್ತಿರದಿಂದ ಆಕೆ ಕಾರನ್ನು ನೋಡಿರಲಿಕ್ಕಿಲ್ಲ.

“ಎಲ್ಲಿ ಬಡದಿತ್ತೋ ಅವನಿಗಿ? ತೋರಸು.”

ಮೈಲಾರಿ ಎಡಮೂಲೆಗೆ ಬೆರಳಿಟ್ಟ. ಇಲ್ಲಿ ಎಂದ. ಅಲ್ಲ, ಇಷ್ಟು ಕೆಳಗೆ ಎಂದ. ಬೆಳಕಿಗೆ ಓರೆಯಾಗಿ ಬಗ್ಗಿ ನೋಡಿದ. ಎಲ್ಲಿಂದ ಎಲ್ಲಿಯವರೆಗೆ ತಾನು ಪುಟ್ಟಿ ತುಂಬಿದ್ದನೋ, ಎಲ್ಲಿ ಹಳೆಯ ಬಿಳಿ ಮುಗಿದು ತನ್ನ ಬಿಳಿ ಶುರುವಾಗಿತ್ತೋ, ಅವನಿಗೇ ಸಿಗಲಿಲ್ಲ. ಮತ್ತೊಮ್ಮೆ ಬೆರಳಾಡಿಸಿದ. ಗಂಡನ ಮೈ ತಾಗಿದ ಜಾಗವನ್ನು ಮುಟ್ಟಬೇಕೆಂದು ಆ ಮುದುಕಿ ಕೈ ಚಾಚಿ ಕಾಯುತ್ತಲೇ ಇದ್ದಳು. ಅವನಿಂದ ತೋರಿಸಲಾಗಲಿಲ್ಲ. ಕೊನೆಗೆ ಆಕೆ ತಾನೇ ಅಂಗೈ ಇಟ್ಟು, ಕುರಿಮರಿಯ ಬೆನ್ನು ಸವರುವಂತೆ ಆ ಮೂಲೆಯನ್ನೆಲ್ಲ ಮೆಲ್ಲಗೆ ಸವರಿದಳು. ಎಲ್ಲೂ ಕೈ ತಡೆಯಲಿಲ್ಲ.

“ಏನೂ ಉಳದಿಲ್ಲಲ್ಲೋ,” ಎಂದಳು. “ಭಾಳ ಚಂದ ಮಾಡಿದಿ ಎಪ್ಪಾ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೆಲಸ ಚೆನ್ನಾಗಿದೆ ಎಂದು ಕಂಡಿತ್ತು, ಕಂಡದ್ದನ್ನು ಹೇಳಿದ್ದಳು. ಮೈಲಾರಿ ಅಲ್ಲೇ, ಗಾಡಿಯ ಚಕ್ರದ ಪಕ್ಕದಲ್ಲಿ ಕುಸಿದು ಕೂತು ಬಾಯಿ ಬಿಟ್ಟು ಅತ್ತ. ನರಸಿಂಹಮ್ಮ ಮತ್ತೆ ಸವರತೊಡಗಿದಳು.